ಇಂಗ್ಲೀಷು ಬಾಯಿಗೆ ಬರಬೇಕಾದರೆ

ಹೊಸ ಶಾಲಾ ವರ್ಷ ಬಂದಿತೆಂದರೆ ದುಡಿಯುವವನ ಮನೆಯಲ್ಲಿ ಎರಡು ಸಾಲದ ಮಾತು ಒಟ್ಟಿಗೇ ಏಳುತ್ತವೆ. ಹೊಲಕ್ಕೆ ಬಿತ್ತುವ ಬೀಜದ ಸಾಲ ಒಂದು, ಮಗನ ಶಾಲೆಯ ಫೀಯ ಸಾಲ ಇನ್ನೊಂದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಯಾವ ಊರಿನ ನಾಕಾದಲ್ಲಿಯೇ ಆಗಲಿ, ಮುಂಜಾನೆ ಎಂಟು ಗಂಟೆಗೆ ನಿಂತು ನೋಡಿರಿ. ಹಳದಿ ಬಣ್ಣದ ಮೋಟಾರುಗಳು ಕೊರಳಿಗೆ ಟಾಯ್ ಕಟ್ಟಿದ ಮಕ್ಕಳನ್ನು ಹಳ್ಳಿ ಹಳ್ಳಿಗಳಿಂದ ತುಂಬಿಕೊಂಡು ಬರುತ್ತವೆ. ಅವರೆಲ್ಲರೂ ಸಾಹುಕಾರರ ಮಕ್ಕಳಲ್ಲ. ಗಿರಣಿಯ ಕಾಮಗಾರನ ಮಗನಿದ್ದಾನೆ, ಕಿರಾಣಿ ಅಂಗಡಿಯವನ ಮಗಳಿದ್ದಾಳೆ, ಹಮಾಲನ ಮಗನೂ ಇದ್ದಾನೆ. ಮನೆಯ ಖರ್ಚು ಹಿಡಿದು, ಹಬ್ಬದ ಬಟ್ಟೆ ಬಿಟ್ಟು, ತಂದೆ ತಾಯಿ ಫೀ ತುಂಬಿದ್ದಾರೆ. ಏತಕ್ಕೆಂದು ಕೇಳಿದರೆ ಬರುವ ಉತ್ತರ ಒಂದೇ: "ನಾಕು ಮಾತು ಇಂಗ್ಲೀಷು ಬರ್‍ಲಿ ಅಂತ್ರೀ."

ಈ ಆಶೆಯನ್ನು ಕಂಡು ನಗುವವರೊಡನೆ ನಾವು ಕೂಡುವದಿಲ್ಲ. ದುಡಿಯುವವನು ಅನುಭವದಿಂದ ಕಲಿತು ಆಡುವ ಮಾತು ಅದು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ಎಚ್ಚರಿಕೆಯ ಸಣ್ಣ ಅಕ್ಷರಗಳನ್ನು ಓದಲು ಬಾರದಿದ್ದರೆ ಜೀವಕ್ಕೇ ಅಪಾಯ. ದವಾಖಾನೆಯ ಚೀಟಿ ಇಂಗ್ಲೀಷಿನಲ್ಲಿ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಸಣ್ಣ ಅಂಗಡಿಕಾರನಿಗೆ ಲೆಕ್ಕ ಒಪ್ಪಿಸುವದಕ್ಕೂ ಇನ್ನೊಬ್ಬನ ಕೈ ಕಾಯುವ ಪ್ರಸಂಗ ಬಂದಿದೆ. ಗುಳೆ ಹೋಗಿ ಪುಣೆ, ಗೋವೆ, ಬೆಂಗಳೂರುಗಳಲ್ಲಿ ದುಡಿಯುವವನು ಕಂತ್ರಾಟದ ಕಾಗದದ ಮೇಲೆ ಏನು ಬರೆದಿದೆ ಎಂಬುದನ್ನು ತಿಳಿಯದೆ ಹೆಬ್ಬೆಟ್ಟೊತ್ತಿ ಬರುತ್ತಾನೆ. ಹೀಗಿರುವಾಗ ತನ್ನ ಮಗನಾದರೂ ಇಂಗ್ಲೀಷು ಬಲ್ಲವನಾಗಲಿ ಎಂದು ಅವನು ಬಯಸಿದರೆ ತಪ್ಪೇನು?

ತಪ್ಪಿರುವದು ಬೇರೆ ಕಡೆಯಲ್ಲಿ. ಇಂಗ್ಲೀಷು ಎಂಬುದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಮಾಲು, ಟಾಯ್ ಮತ್ತು ಬೂಟಿನ ಸಂಗಡವೇ ಅದು ಬರುವದು ಎಂಬ ಭ್ರಮೆಯನ್ನು ನಮ್ಮಲ್ಲಿ ಬೆಳೆಸಲಾಗಿದೆ. ಸರಕಾರಿ ಕನ್ನಡ ಶಾಲೆಯ ಹುಡುಗನಿಗೆ ಇಂಗ್ಲೀಷು ಬರಲಾರದು ಎಂಬುದನ್ನು ಸಿದ್ಧ ಮಾತಿನಂತೆ ಹೇಳಲಾಗುತ್ತಿದೆ. ಬರುತ್ತದೆ ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು. ಅದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಫೀ ಬೇಡ. ನಮ್ಮ ಹಳ್ಳಿಯವರಿಗೆ ತಲೆಮಾರುಗಳಿಂದ ಗೊತ್ತಿರುವ ಒಂದು ವಿದ್ಯೆಯನ್ನು ಶಾಲೆಯೊಳಗೆ ಕರೆದರೆ ಸಾಕು. ಅದು ನಾಟಕ.

ಮೊದಲು ಇಂದಿನ ಸ್ಥಿತಿಯನ್ನು ನೋಡೋಣ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ, 1950ರ ಸುಮಾರಿಗೆ, ಇಂಗ್ಲೀಷು 8ನೆಯ ಇಯತ್ತೆಯಿಂದ ಆರಂಭವಾಗುತ್ತಿತ್ತು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯದಲ್ಲಿ ಸೇರಿದೆವು. ಆ ಬಳಿಕ ಬಹುಕಾಲ ಕನ್ನಡ ಶಾಲೆಗಳಲ್ಲಿ 5ನೆಯ ಇಯತ್ತೆಯಿಂದ ಇಂಗ್ಲೀಷು ಕಲಿಸುವ ಪದ್ಧತಿ ನಡೆಯಿತು. 2007-08ರಿಂದ 1ನೆಯ ಇಯತ್ತೆಯಿಂದಲೇ ಇಂಗ್ಲೀಷು ಒಂದು ಭಾಷೆಯಾಗಿ ಬಂದಿತು. 2019-20ರಲ್ಲಿ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲೀಷು ಮಾಧ್ಯಮದ ವರ್ಗಗಳನ್ನೇ ತೆರೆಯಲಾಯಿತು. ಎಂಟರಿಂದ ಐದಕ್ಕೆ, ಐದರಿಂದ ಒಂದಕ್ಕೆ ನಾವು ಇಳಿಯುತ್ತ ಬಂದಿದ್ದೇವೆ. ಇಂದು ಒಂದು ಮಗು ಎಸ್.ಎಸ್.ಎಲ್.ಸಿ. ಮುಗಿಸುವ ಹೊತ್ತಿಗೆ ಹತ್ತು ವರ್ಷ ಇಂಗ್ಲೀಷು ಓದಿರುತ್ತದೆ. ಹತ್ತು ವರ್ಷ ಓದಿದ ಹುಡುಗನನ್ನು ಕರೆದು, "ನಿನ್ನ ತಂದೆ ಎಲ್ಲಿ ಕೆಲಸ ಮಾಡುತ್ತಾರೆ?" ಎಂದು ಇಂಗ್ಲೀಷಿನಲ್ಲಿ ಕೇಳಿ ನೋಡಿರಿ. ತಲೆ ತಗ್ಗಿಸುತ್ತಾನೆ. ಪುಸ್ತಕದ ಪಾಠದ ಕೊನೆಯಲ್ಲಿರುವ ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಬರೆಯೆಂದರೆ ಗೈಡಿನಲ್ಲಿದ್ದಂತೆ ಬರೆದು ಕೊಡುತ್ತಾನೆ.

ಇದು ಹುಡುಗನ ದಡ್ಡತನವೆಂದು ಯಾರೂ ತಿಳಿಯಬಾರದು. ಅವನಿಗೆ ನಾವು ಕಲಿಸಿದುದೇ ಅಷ್ಟು. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲೀಷಿಗೆ 100 ಅಂಕ. ಅವುಗಳಲ್ಲಿ 80 ಬರವಣಿಗೆಯ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಪರೀಕ್ಷೆ ಏನನ್ನು ಕೇಳುತ್ತದೆಯೋ ಅದನ್ನೇ ಮಾಸ್ತರರು ಕಲಿಸುತ್ತಾರೆ. ಆದುದರಿಂದ ಹತ್ತು ವರ್ಷ ಕೈ ದುಡಿಯಿತು, ನಾಲಿಗೆ ಕುಳಿತೇ ಇತ್ತು. ಭಾಷೆಯಾದರೋ ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಕೊನೆಗೆ ಕೈಗೆ ಬರುವಂಥದು. ತಾಯಿಯ ಮಡಿಲಲ್ಲಿ ಕನ್ನಡ ಕಲಿತಾಗ ನಮ್ಮ ಮುಂದೆ ಯಾರು ಪಾಟಿ ಇಟ್ಟಿದ್ದರು?

ಈಗ ನಮ್ಮ ಹಳ್ಳಿಗಳ ಕಡೆಗೆ ತಿರುಗೋಣ. ಜಾತ್ರೆ ಹತ್ತಿರ ಬಂದರೆ ಊರ ತರುಣರು ಕೂಡಿ ಒಂದು ನಾಟಕ ಹಚ್ಚುತ್ತಾರೆ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕವನ್ನು ನೋಡದವರು ನಮ್ಮಲ್ಲಿ ವಿರಳ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು ರಾತ್ರಿ ಗುಡಿಯ ಕಟ್ಟೆಯ ಮೇಲೆ ತಾಲೀಮಿಗೆ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಓದಲು ಬಾರದವನೂ ಇರುತ್ತಾನೆ. ನಾಟಕದ ಮಾಸ್ತರರು ಮಾತು ಹೇಳಿಕೊಡುತ್ತಾರೆ, ಇವನು ಅದನ್ನು ಬಾಯಿಂದ ಬಾಯಿಗೆ ಹಿಡಿಯುತ್ತಾನೆ. ಜಾತ್ರೆಯ ರಾತ್ರಿ ಸಾವಿರ ಜನರೆದುರು ನಿಂತು ಗಂಟೆಗಟ್ಟಲೆ ಪಾರ್ಟು ಮಾಡುತ್ತಾನೆ. ತನ್ನ ಮಾತಷ್ಟೇ ಅಲ್ಲ, ಎದುರಿನವನ ಮಾತೂ ಅವನಿಗೆ ಪಾಠವಾಗಿರುತ್ತದೆ, ಏಕೆಂದರೆ ಆ ಮಾತು ಮುಗಿದಾಗಲೇ ತನ್ನದು ಎಬ್ಬಿಸಬೇಕು. ಆ ನಾಟಕದ ಭಾಷೆ ಅವನು ಮನೆಯಲ್ಲಿ ಆಡುವ ಭಾಷೆಯೂ ಅಲ್ಲ. "ಎಲೈ ದುರುಳನೇ" ಎಂದು ಯಾವ ಒಕ್ಕಲಿಗನೂ ತನ್ನ ನೆರೆಯವನನ್ನು ಕರೆಯುವದಿಲ್ಲ. ತನಗೆ ಅಪರಿಚಿತವಾದ ಒಂದು ಭಾಷೆಯನ್ನು ಓದು ಬಾರದವನು ಎರಡು ತಿಂಗಳ ತಾಲೀಮಿನಲ್ಲಿ ತನ್ನದಾಗಿ ಮಾಡಿಕೊಳ್ಳುತ್ತಾನೆ! ಶ್ರೀಕೃಷ್ಣ ಪಾರಿಜಾತದವರು ಇದನ್ನೇ ಮಾಡುತ್ತ ಬಂದಿದ್ದಾರೆ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಓದು ಬಾರದ ತಾಯಂದಿರ ನೆನಪಿನ ಭಂಡಾರವೇ ಸರಿ.

ನಾಟಕಕ್ಕೆ ನಮ್ಮ ಭಾಗ ಬಡವಾಗಿಲ್ಲ. 1904ರಲ್ಲಿ ಇಂಡಿ ತಾಲೂಕಿನ ಅಗರಖೇಡದಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು, ಅಂದರೆ ನಮ್ಮೆಲ್ಲರ ಶ್ರೀರಂಗರು, ಲಂಡನ್ನಿನಲ್ಲಿ ಓದಿ ಬಂದು ಕನ್ನಡಕ್ಕೆ ನಲವತ್ತಕ್ಕೂ ಹೆಚ್ಚು ನಾಟಕಗಳನ್ನು ಕೊಟ್ಟರು. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲೀಷಿಗೆ ತಿರುಗಿಸಿದವರೂ ಅವರೇ. ಸಿಂದಗಿ ತಾಲೂಕಿನ ಹಂದಿಗನೂರ ಸಿದ್ರಾಮಪ್ಪನವರ ಹೆಸರನ್ನು ಕಂಪನಿ ನಾಟಕದ ಹಿರಿಯ ಪ್ರೇಕ್ಷಕರು ಮರೆತಿಲ್ಲ. ಇಂಥ ಸೀಮೆಯ ಶಾಲೆಗಳಲ್ಲಿ ನಾಟಕವೆಂದರೆ ವರ್ಷಕ್ಕೊಮ್ಮೆ ಗ್ಯಾದರಿಂಗಿನ ದಿವಸ ಮಾಡುವ ಮೋಜು ಎಂದಾಗಿದೆ. ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ!

ಭಾಷೆ ಕಲಿಸಲು ನಾಟಕವನ್ನು ಬಳಸುವದು ನಾವು ಕಂಡುಹಿಡಿದ ಹೊಸ ಸಂಗತಿಯೇನಲ್ಲ. ಇಂಗ್ಲೀಷರೇ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಅವರ ಮಕ್ಕಳಿಗೂ ದೊಡ್ಡವರ ಭಾಷೆ ಬೇರೆಯದೇ ಆಗಿತ್ತು. ಅದು ಲ್ಯಾಟಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ 1560ರಲ್ಲಿ ಎಲಿಝಬೆತ್ ರಾಣಿ ಹಾಕಿಕೊಟ್ಟ ನಿಯಮಗಳಲ್ಲಿ ವಿದ್ಯಾರ್ಥಿಗಳು ವರ್ಷಕ್ಕೊಂದು ಲ್ಯಾಟಿನ್ ನಾಟಕ ಆಡಬೇಕೆಂಬುದೂ ಒಂದು. ಕೇಂಬ್ರಿಜ್ ಊರಿನ ಪರ್ಸ್ ಶಾಲೆಯಲ್ಲಿ ಮಾಸ್ತರರಾಗಿದ್ದ ಕಾಲ್ಡ್‌ವೆಲ್ ಕುಕ್ ಎಂಬವರು ಪಾಠಗಳನ್ನು ಮಕ್ಕಳಿಂದ ಆಡಿಸಿ ಕಲಿಸಿ, ಆ ಪದ್ಧತಿಯ ಮೇಲೆ 1917ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮ ದೇಶದಲ್ಲಿಯೂ ಕಲಕತ್ತೆಯ ಓರಿಯೆಂಟಲ್ ಸೆಮಿನರಿ ಶಾಲೆಯ ಹಳೆಯ, ಹೊಸ ವಿದ್ಯಾರ್ಥಿಗಳು ಕೂಡಿ 1853ರಲ್ಲಿ ಶೇಕ್ಸಪಿಯರನ 'ಒಥೆಲೊ' ನಾಟಕವನ್ನು ಇಂಗ್ಲೀಷಿನಲ್ಲಿಯೇ ಆಡಿದರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅವೆಲ್ಲ ಉಳ್ಳವರ ಮಕ್ಕಳು ಓದುವ ಶಾಲೆಗಳು. ಇಂದಿಗೂ ದೊಡ್ಡ ಪಟ್ಟಣಗಳ ಭಾರೀ ಫೀಯ ಶಾಲೆಗಳಲ್ಲಿ ನಾಟಕಕ್ಕೆ ಬೇರೆ ಮಾಸ್ತರರು, ಬೇರೆ ರಂಗಮಂದಿರ ಇರುತ್ತವೆ. ಧನಿಕನ ಮಗನಿಗೆ ಆಡಿ ಕಲಿಯುವ ಇಂಗ್ಲೀಷು, ಬಡವನ ಮಗನಿಗೆ ನಕಲು ಬರೆದು ಕಲಿಯುವ ಇಂಗ್ಲೀಷು! ಮುಂದೆ ಇಬ್ಬರೂ ಒಂದೇ ನೌಕರಿಯ ಸಂದರ್ಶನಕ್ಕೆ ಹೋದಾಗ ಯಾರು ಬಾಯಿ ತೆರೆಯುತ್ತಾರೆ, ಯಾರು ತಲೆ ತಗ್ಗಿಸುತ್ತಾರೆ ಎಂಬುದು ಅಲ್ಲಿಯೇ ನಿಶ್ಚಯವಾಗಿಬಿಡುತ್ತದೆ.

ನಾಟಕದಿಂದ ಭಾಷೆ ಹೇಗೆ ಬರುತ್ತದೆಂಬುದನ್ನು ಕೊಂಚ ಬಿಡಿಸಿ ನೋಡೋಣ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲೀಷಿನಲ್ಲಿ ನಡುವೆ ಬರುತ್ತದೆ. "ಎಷ್ಟು ಕೊಟ್ಟಿ?" ಎಂದು ನಾವು ಎರಡೇ ಮಾತಿನಲ್ಲಿ ಕೇಳುತ್ತೇವೆ. ಇಂಗ್ಲೀಷಿನವನು "ಹೌ ಮಚ್ ಡಿಡ್ ಯು ಪೇ?" ಎನ್ನಬೇಕು. ನಮ್ಮ ಹುಡುಗ "ಹೌ ಮಚ್ ಯು ಪೇಡ್?" ಎನ್ನುತ್ತಾನೆ. ಆ 'ಡಿಡ್' ಎಲ್ಲಿಂದ ಬಂತು, ಏಕೆ ಬಂತು ಎಂಬುದನ್ನು ಹಲಗೆಯ ಮೇಲೆ ನಿಯಮ ಬರೆದು ಎಷ್ಟು ಸಲ ಹೇಳಿದರೂ ಪರೀಕ್ಷೆ ಮುಗಿದ ಮರುದಿನ ಅದು ಮರೆತುಹೋಗುತ್ತದೆ. ಆದರೆ ಅದೇ ವಾಕ್ಯ ಅವನ ಪಾರ್ಟಿನಲ್ಲಿದ್ದರೆ ತಾಲೀಮಿನಲ್ಲಿ ಐವತ್ತು ಸಲ ಅದನ್ನು ಆಡುತ್ತಾನೆ. ಸಿಟ್ಟಿನಿಂದ ಆಡುತ್ತಾನೆ, ನಗುತ್ತ ಆಡುತ್ತಾನೆ, ದೂರ ನಿಂತವನಿಗೆ ಕೇಳುವಂತೆ ಕೂಗಿ ಆಡುತ್ತಾನೆ. ಬಿಡಿ ಶಬ್ದಗಳ ಬದಲು ಇಡೀ ವಾಕ್ಯವೇ ನಾಲಿಗೆಯ ಮೇಲೆ ಕೂಡ್ರುತ್ತದೆ. ನಿಯಮವನ್ನು ಆಮೇಲೆ ಹೇಳಿದರೂ ನಡೆದೀತು. 'ಇಸ್ಕೂಲು' ಎನ್ನುವ ನಾಲಿಗೆ 'ಸ್ಕೂಲ್' ಎನ್ನಲು ಕಲಿಯುವದೂ ಹೀಗೆಯೇ. ನೂರು ಸಲ ತಿದ್ದಿಸಿಕೊಂಡ ಹುಡುಗ ನಾಚಿ ಮೌನವಾಗುತ್ತಾನೆ. ಪಾರ್ಟಿನಲ್ಲಿ ಮಾತು ತಪ್ಪಿದರೆ ಮಾತ್ರ ನಾಚಿಕೆ ಕಡಿಮೆ, ಏಕೆಂದರೆ ಅಲ್ಲಿ ಆಡುತ್ತಿರುವವನು ತಾನಲ್ಲ, ಪೋಲೀಸನೋ ಡಾಕ್ಟರನೋ ಆಗಿರುತ್ತಾನೆ.

ಹಾಗಾದರೆ ಯಾವ ನಾಟಕ ಆಡಿಸಬೇಕು? ರಾಜ ರಾಣಿಯರ ಕಥೆ ಬೇಡ, ಶೇಕ್ಸಪಿಯರನೂ ಈಗಲೇ ಬೇಡ. ನಮ್ಮ ಸಂತೆ, ನಮ್ಮ ಬಸ್‌ಸ್ಟ್ಯಾಂಡು, ನಮ್ಮ ದವಾಖಾನೆ, ನಮ್ಮ ಬ್ಯಾಂಕು ಇವುಗಳೇ ರಂಗಭೂಮಿಯಾಗಲಿ. ಇಂಡಿಯ ನಿಂಬೆಹಣ್ಣು ನಾಡಿಗೆಲ್ಲ ಗೊತ್ತು. ಮದ್ರಾಸಿನ ಕಡೆಯಿಂದ ಕನ್ನಡ ಬಾರದ ವ್ಯಾಪಾರಿಯೊಬ್ಬ ಬಂದನೆಂದು ಇಟ್ಟುಕೊಳ್ಳಿರಿ. ವ್ಯಾಪಾರಿ "ಹೌ ಮಚ್ ಫಾರ್ ಎ ಬ್ಯಾಗ್?" ಎನ್ನುತ್ತಾನೆ. ರೈತ ದರ ಹೇಳುತ್ತಾನೆ. ವ್ಯಾಪಾರಿ "ಇಟ್ ಈಸ್ ಟೂ ಮಚ್" ಎಂದು ಮುಖ ತಿರುಗಿಸುತ್ತಾನೆ. ಹಮಾಲ "ವೇರ್ ಶಲ್ ಐ ಪುಟ್ ದಿಸ್?" ಎಂದು ಚೀಲ ಹೊತ್ತು ನಿಂತಿರುತ್ತಾನೆ. ತೂಕದಲ್ಲಿ ಮೋಸವಾದಾಗ ರೈತನ ಮಗಳು ಮುಂದೆ ಬಂದು "ಪ್ಲೀಜ್ ವೇ ಇಟ್ ಅಗೇನ್" ಎನ್ನುತ್ತಾಳೆ. ಇಡೀ ನಾಟಕ ಹತ್ತು ನಿಮಿಷದ್ದು. ಅದರಲ್ಲಿ ಕೇಳುವದು, ಒಪ್ಪುವದು, ಒಪ್ಪದಿರುವದು, ಎಣಿಸುವದು, ವಿನಂತಿಸುವದು ಎಲ್ಲವೂ ಬಂದು ಹೋದವು. "ಮತ್ತೊಮ್ಮೆ ತೂಗಿರಿ" ಎಂದು ಇಂಗ್ಲೀಷಿನಲ್ಲಿ ಧೈರ್ಯದಿಂದ ಹೇಳಬಲ್ಲ ಹುಡುಗಿಯನ್ನು ನಾಳೆ ಯಾವ ದಲಾಲನೂ ಸುಲಭವಾಗಿ ಮೋಸಗೊಳಿಸಲಾರ.

ಇದನ್ನು ನಡೆಸುವ ಕ್ರಮವೂ ಕಠಿಣವಲ್ಲ. ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳಿ ಮಕ್ಕಳಿಂದ ಕನ್ನಡದಲ್ಲಿಯೇ ಆಡಿಸಬೇಕು. ಯಾರು ಯಾರಿಗೆ ಏಕೆ ಏನು ಹೇಳುತ್ತಾರೆಂಬುದು ಅದರಿಂದ ಮನಸ್ಸಿಗೆ ಹತ್ತುತ್ತದೆ. ಆಮೇಲೆ ಮಾಸ್ತರರೂ ಮಕ್ಕಳೂ ಕೂಡಿ ಒಂದೊಂದೇ ಮಾತನ್ನು ಸಣ್ಣ ಇಂಗ್ಲೀಷು ವಾಕ್ಯಕ್ಕೆ ತರಬೇಕು. ವಾರದ ಮಟ್ಟಿಗೆ ಪುಸ್ತಕ ಮುಟ್ಟದೆ ಬಾಯಿಂದಲೇ ತಾಲೀಮು ನಡೆಯಬೇಕು. ಮಾತು ನಿಂತ ಮೇಲೆ ಅದನ್ನೇ ಬರೆಯಿಸಬೇಕು. ಆಗ ಬರವಣಿಗೆಯೂ ಬರುತ್ತದೆ, ಪರೀಕ್ಷೆಯೂ ಕೆಡುವದಿಲ್ಲ. ನಲವತ್ತು ಮಕ್ಕಳಿದ್ದರೆ ಒಂದೇ ನಾಟಕವನ್ನು ನಾಲ್ಕು ತಂಡಗಳು ಆಡಲಿ. ಉಳಿದವರು ಪಾರಿಜಾತದ ಹಿಮ್ಮೇಳದವರಂತೆ ಮುಖ್ಯ ಮಾತನ್ನು ಒಕ್ಕೊರಲಿನಿಂದ ತಿರುಗಿ ಹೇಳಲಿ. ಬಣ್ಣ, ಪಡದೆ, ಬಾಡಿಗೆಯ ಉಡುಪು ಯಾವುದೂ ಬೇಡ. ಶಾಲೆಯ ಪಡಸಾಲೆಯಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದರೆ ರಂಗಭೂಮಿ ಸಿದ್ಧವಾಯಿತು.

ಆದರೆ ಒಂದು ಎಚ್ಚರಿಕೆ ಅವಶ್ಯ. ಗ್ಯಾದರಿಂಗಿನ ನಾಟಕದಲ್ಲಿ ಏನಾಗುತ್ತದೆ? ಉಡುಪು ತರಬಲ್ಲವನಿಗೆ ರಾಜನ ಪಾರ್ಟು, ಮುಂದಿನ ಸಾಲಿನವನಿಗೆ ಮಂತ್ರಿಯ ಪಾರ್ಟು, ಹಿಂದಿನ ಬೆಂಚಿನವನಿಗೆ ಪಡದೆ ಎಳೆಯುವ ಕೆಲಸ. ದಲಿತ ಓಣಿಯ ಹುಡುಗ ಬಾಗಿಲು ಕಾಯುವ ಭಟನಾಗುತ್ತಾನೆ, ಅವನಿಗೆ ಆಡಲು ಮಾತೇ ಇರುವದಿಲ್ಲ. ಗುಳೆ ಹೋಗಿ ತಿರುಗಿ ಬಂದ ಮಗುವಿಗಂತೂ ಅದೂ ಇಲ್ಲ. ಇಂಗ್ಲೀಷಿನ ನಾಟಕವೂ ಇದೇ ದಾರಿ ಹಿಡಿದರೆ ಅದು ಬೇಡವೇ ಬೇಡ. ಯಾರ ಬಾಯಿ ಕಟ್ಟಿದೆಯೋ ಅವರ ಬಾಯಿ ಬಿಡಿಸುವದೇ ಇಲ್ಲಿಯ ಗುರಿ. ಆದುದರಿಂದ ಪಾರ್ಟುಗಳು ಸರತಿಯ ಮೇಲೆ ತಿರುಗಬೇಕು. ಇಂದು ಹಮಾಲನಾದವನು ನಾಳೆ ಡಾಕ್ಟರನಾಗಬೇಕು. ಹೆಣ್ಣುಮಕ್ಕಳಿಗೆ ಸಮಪಾಲು ಇರಬೇಕು. ವರ್ಗದಲ್ಲಿ ಒಂದು ಮಾತನ್ನೂ ಆಡದೆ ಉಳಿದ ಮಗು ಒಂದೂ ಇರಬಾರದು. ಎಲ್ಲ ಜಾತಿಯ ಶರಣರನ್ನು ಒಂದೇ ಅನುಭವ ಮಂಟಪದಲ್ಲಿ ಕೂಡ್ರಿಸಿ ಮಾತನಾಡಿಸಿದ ಬಸವಣ್ಣನವರು ಹುಟ್ಟಿದ ಸೀಮೆಗೆ ಇದನ್ನು ಹೊಸದಾಗಿ ಹೇಳಿಕೊಡಬೇಕೆ?

ಇನ್ನು ಕೆಲವರ ಆಕ್ಷೇಪಗಳಿಗೆ ಉತ್ತರ. "ಸಮಾಜವಾದಿಗಳಾದ ನೀವು ಇಂಗ್ಲೀಷಿನ ವಕೀಲಿ ಏಕೆ ಮಾಡುತ್ತೀರಿ? ಲೋಹಿಯಾ ಅವರು ಇಂಗ್ಲೀಷು ತೊಲಗಲಿ ಎನ್ನಲಿಲ್ಲವೇ?" ಎಂದು ನಮ್ಮ ಗೆಳೆಯರೇ ಕೇಳಬಹುದು. 1957ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಆ ಚಳವಳಿ ಹೂಡಿದ್ದು ನಿಜ. ಆದರೆ ಅವರು ತೊಲಗಿಸಬೇಕೆಂದದ್ದು ಕಚೇರಿಯಿಂದ, ಕೋರ್ಟಿನಿಂದ, ಶಾಸನಸಭೆಯಿಂದ. ಕೆಲವರಿಗಷ್ಟೇ ತಿಳಿಯುವ ಭಾಷೆಯಲ್ಲಿ ರಾಜ್ಯಭಾರ ನಡೆದರೆ ಆ ಕೆಲವರೇ ಅರಸರಾಗುತ್ತಾರೆ ಎಂಬುದು ಅವರ ವಾದ. ಶಾಂತವೇರಿ ಗೋಪಾಲಗೌಡರು ಶಾಸನಸಭೆಯಲ್ಲಿ ಕನ್ನಡದ ಆಡಳಿತಕ್ಕಾಗಿ ಹೋರಾಡಿದ್ದೂ ಇದಕ್ಕಾಗಿಯೇ. 1963ರಲ್ಲಿಯೇ ಆಡಳಿತ ಭಾಷೆಯ ಕಾಯ್ದೆ ಆಗಿದೆ. ಅದು ಪೂರ್ಣವಾಗಿ ಜಾರಿಗೆ ಬರಲಿ ಎಂಬ ನಮ್ಮ ಬೇಡಿಕೆಯಲ್ಲಿ ಎಳ್ಳಷ್ಟೂ ಬದಲಿಲ್ಲ. ಇಂಗ್ಲೀಷಿನ ಪ್ರಾಧ್ಯಾಪಕರಾಗಿ ಹೆಸರಾದ ವಿ.ಕೃ. ಗೋಕಾಕರೇ 1981ರಲ್ಲಿ ಕೊಟ್ಟ ತಮ್ಮ ವರದಿಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದರು. ಗಣಿತ, ವಿಜ್ಞಾನ, ಚರಿತ್ರೆಗಳನ್ನು ಮಗು ಕನ್ನಡದಲ್ಲಿ ಕಲಿಯಲಿ. ಇಂಗ್ಲೀಷನ್ನು ಒಂದು ಭಾಷೆಯಾಗಿ, ಚೆನ್ನಾಗಿ, ಬಾಯಿ ತುಂಬ ಕಲಿಯಲಿ. ಅದು ಕೆಲವರ ಸೊತ್ತಾಗಿ ಉಳಿದಷ್ಟು ದಿನ ಬಡವನ ಮೇಲೆ ಬೀಸುವ ಬೆತ್ತ. ಎಲ್ಲರಿಗೂ ಬಂದ ದಿನ ಅದರ ದರ್ಪ ತಾನಾಗಿಯೇ ಇಳಿಯುತ್ತದೆ.

"ಮಾಸ್ತರರಿಗೇ ಇಂಗ್ಲೀಷು ಆಡಲು ಬಾರದಲ್ಲ!" ಎಂಬುದು ಎರಡನೆಯ ಆಕ್ಷೇಪ. ಬೈಯುವದರಿಂದ ಮಾಸ್ತರರು ಕಲಿಯಲಾರರು. ಅವರೂ ನಕಲು ಬರೆದು ಕಲಿತವರೇ. ಹತ್ತು ನಿಮಿಷದ ನಾಟಕದಲ್ಲಿ ಮೂವತ್ತು ನಲವತ್ತು ವಾಕ್ಯಗಳು. ಅಷ್ಟನ್ನು ಅವರು ಮೊದಲು ಸಿದ್ಧಮಾಡಿಕೊಂಡು ಬರಬಹುದು. ವರ್ಷಕ್ಕೆ ನಾಲ್ಕು ನಾಟಕ ಮಾಡಿಸಿದ ಮಾಸ್ತರರ ಬಾಯಿಗೂ ಇಂಗ್ಲೀಷು ಬಂದಿರುತ್ತದೆ. ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲೀಷು ಸಂಸ್ಥೆ 1963ರಿಂದ ಇದೆ. ಅಲ್ಲಿಯ ತರಬೇತಿ ನಮ್ಮ ಹಳ್ಳಿಯ ಮಾಸ್ತರರ ತನಕ ಬರಲಿ. 1980ರಿಂದ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ಹೊರಬಂದ ತರುಣರು ನಾಡಿನಲ್ಲೆಲ್ಲ ಇದ್ದಾರೆ. ಅಂಥವರನ್ನು ತಾಲೂಕಿಗೆ ಒಬ್ಬರಂತೆಯಾದರೂ ಸರಕಾರ ನೇಮಿಸಲಿ.

"ನಾಟಕ ಮಾಡುತ್ತ ಕುಳಿತರೆ ಪೋರ್ಶನ್ ಮುಗಿಯುವದು ಯಾವಾಗ?" ಎಂಬುದು ಮೂರನೆಯ ಮಾತು. ಮುಗಿದ ಪೋರ್ಶನ್ನಿನಿಂದ ಹುಡುಗನಿಗೆ ಬಂದುದೇನು ಎಂಬುದೇ ಅದಕ್ಕೆ ನಮ್ಮ ಮರುಪ್ರಶ್ನೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು 10ನೆಯ ಇಯತ್ತೆಯ ವರೆಗೆ ಕಲಾಶಿಕ್ಷಣ ಇರಬೇಕೆಂದಿದೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಮಗು ಚಟುವಟಿಕೆಯ ಮೂಲಕ ಕಲಿಯಬೇಕೆಂದು ಹೇಳುತ್ತದೆ. ಅಂದಮೇಲೆ ನಾವು ಕೇಳುತ್ತಿರುವದು ಕಾಗದದ ಮೇಲೆ ಆಗಲೇ ಕೊಟ್ಟಿರುವದನ್ನೇ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಪ್ರತಿಯೊಂದು ಸರಕಾರಿ ಶಾಲೆಯ ವೇಳಾಪತ್ರಿಕೆಯಲ್ಲಿ ವಾರಕ್ಕೊಂದು ತಾಸು ಇಂಗ್ಲೀಷು ನಾಟಕಕ್ಕೆ ಮೀಸಲಿರಲಿ. ಶಾಲೆಯ ಕೈಯಲ್ಲಿರುವ 20 ಅಂಕಗಳಲ್ಲಿ ಒಂದು ಪಾಲನ್ನು ಬಾಯಿಂದ ಆಡಿದ ಮಾತಿಗೆ ಕೊಡಲಿ. ನಮ್ಮ ಸೀಮೆಯ ಬದುಕಿನ ಮೇಲೆ ಬರೆದ ಸಣ್ಣ ಇಂಗ್ಲೀಷು ನಾಟಕಗಳ ಪುಸ್ತಕವೊಂದನ್ನು ಶಿಕ್ಷಣ ಖಾತೆಯವರು ಇಲ್ಲಿಯ ಮಾಸ್ತರರಿಂದಲೇ ಬರೆಯಿಸಿ ಅಚ್ಚು ಹಾಕಿಸಲಿ. ಖಾಲಿ ಬಿದ್ದಿರುವ ಮಾಸ್ತರರ ಜಾಗಗಳನ್ನು ತುಂಬಲಿ. ಇಡೀ ಶಾಲೆಯನ್ನು ಒಬ್ಬರೇ ನಡೆಸುವ ಕಡೆಯಲ್ಲಿ ನಾಟಕವೂ ನಡೆಯದು, ಪಾಠವೂ ನಡೆಯದು.

ಸರಕಾರ ಮಾಡಲೆಂದು ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆ ತಾಯಂದಿರೇ ಸದಸ್ಯರು. ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಿರಿ. ಊರಿನ ನಾಟಕದ ಮಾಸ್ತರರನ್ನು ಶಾಲೆಗೆ ಕರೆಯಿರಿ. ಅವರಿಗೆ ಇಂಗ್ಲೀಷು ಬಾರದಿದ್ದರೇನಾಯಿತು? ಎಲ್ಲಿ ನಿಲ್ಲಬೇಕು, ಹೇಗೆ ದನಿ ಎತ್ತಬೇಕು, ಮಾತು ಮರೆತವನನ್ನು ಹೇಗೆ ಸಂಭಾಳಿಸಬೇಕು ಎಂಬುದು ಅವರಿಗೆ ಬರುತ್ತದೆ. ಕಾಮಗಾರ ಸಂಘದವರು ತಮ್ಮ ಸಂಘದ ಅಂಗಳವನ್ನು ಒಂದು ಸಂಜೆಯ ಮಟ್ಟಿಗೆ ಬಿಟ್ಟುಕೊಡಲಿ. ಅಂಗಡಿಕಾರರು ಸಂತೆಯ ದಿನ ಅಂಗಡಿಯ ಮುಂದೆ ಹತ್ತು ನಿಮಿಷ ಜಾಗ ಮಾಡಿಕೊಡಲಿ. ತನ್ನ ಮಗಳು ಹತ್ತು ಜನರೆದುರು ನಿಂತು ಇಂಗ್ಲೀಷಿನಲ್ಲಿ ದರ ಕೇಳಿದ್ದನ್ನು ಒಬ್ಬ ಹಮಾಲ ಒಂದು ಸಲ ಕಂಡರೆ ಸಾಕು. ಸರಕಾರಿ ಶಾಲೆಯ ಹುಡುಗರಿಗೆ ಇಂಗ್ಲೀಷು ಬರಲಾರದೆಂಬ ಮಾತನ್ನು ಅವನು ಮತ್ತೆ ನಂಬಲಾರ, ಸಾಲ ಮಾಡಿ ಫೀ ತುಂಬುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಜಾತ್ರೆಯ ನಾಟಕಕ್ಕೆ ನಮ್ಮ ತರುಣರು ಎರಡು ತಿಂಗಳ ನಿದ್ದೆಗೆಡುತ್ತಾರೆ. ಅದರಲ್ಲಿ ನಾಲ್ಕು ಸಂಜೆಗಳನ್ನು ತಮ್ಮೂರ ಶಾಲೆಗೆ ಕೊಡಲಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಬರುವ ವಾರದಿಂದಲೇ ತಾಲೀಮು ಸುರುವಾಗಲಿ.